ಎರಡನೆಯ ಸಿ.ಡಿ.ಗೆ ಕುಂಕುಮ

ಬಸವ ಜಯಂತಿ ಕಳೆದು ಎಂಟು ದಿನವಾಗಿತ್ತು. ಚಿಂಚವಾಡದ ತಗಡಿನ ಶೆಡ್ಡುಗಳ ಮೇಲೆ ಬಿಸಿಲು ಬೆಳಿಗ್ಗೆ ಎಂಟಕ್ಕೇ ಬಂದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಕಾರ್ಖಾನೆಯ ಅಂಗಳದ ಬೇವಿನ ಮರ ಹೂ ಮುಗಿಸಿ ಕಾಯಿ ಕಟ್ಟುತ್ತಿತ್ತು. ಕೊನೆಗುಳಿದ ಹೂಗಳು ಗಾಳಿ ಬಂದಾಗ ಕಿಟಕಿಯಿಂದ ಹಾರಿಬಂದು ಹುಲಿಗೆಪ್ಪನ ಕೀಬೋರ್ಡಿನ ಮೇಲೆ ಬೀಳುತ್ತಿದ್ದವು. ಒಳಗೆ ಪ್ರೆಸ್ ಯಂತ್ರಗಳು ಧಡ್ ಧಡ್ ಎಂದು ತಗಡು ಕತ್ತರಿಸುತ್ತಿದ್ದವು. ಮಗ್ಗುಲಲ್ಲಿ ಪ್ರಿಂಟರು ಕರ್ರೆನ್ನುತ್ತ ಮಾಲಿನ ಜೊತೆ ಹೋಗುವ ಚಲನ್ ಹೊರಹಾಕುತ್ತಿತ್ತು. ಈ ಎರಡು ಸದ್ದಿನ ನಡುವೆ ಹುಲಿಗೆಪ್ಪ ಮೂರನೆಯದೊಂದನ್ನು ಕೇಳುತ್ತ ಕೂತಿದ್ದ. ಅದು ತೊಟ್ಟಿಲಿನದು.

ತೊಟ್ಟಿಲು ಇದ್ದದ್ದು ಲಿಂಗಸುಗೂರಿನ ಆಚೆ, ಹೆಂಡತಿ ಯಂಕವ್ವನ ತವರಿನಲ್ಲಿ. ಅದರೊಳಗೆ ಅವನು ಇನ್ನೂ ಮುಖ ನೋಡದ ನಲವತ್ತು ದಿನದ ಮಗಳು. ಭಾನುವಾರ ಹೆಸರಿಡುವುದು. ಇವತ್ತು ಶುಕ್ರವಾರ ರಾತ್ರಿ ಎಂಟರ ರೈಲಿಗೆ ಟಿಕೇಟು ಜೇಬಿನಲ್ಲಿತ್ತು. ಕರವಸ್ತ್ರದ ಗಂಟಿನಲ್ಲಿ ಬೆಳ್ಳಿಯ ಪುಟ್ಟ ಕಾಲ್ಗೆಜ್ಜೆ. ಜನವರಿಯಲ್ಲಿ ಬಸುರಿ ಯಂಕವ್ವನ ಕುಬುಸಕ್ಕೂ ಅವನು ಹೊರಟು ನಿಂತಿದ್ದ. ಆಗ ಸ್ಟಾಕ್ ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಮಾಲಕರು ರಜೆ ಹಿಂದಕ್ಕೆ ತೆಗೆದುಕೊಂಡಿದ್ದರು. ಮೊನ್ನೆ ಯಂಕವ್ವ ಊರಿನ ಫೋನ್ ಬೂತಿನಿಂದ ಮಾತಾಡಿ, ಜಗಳ ಮಾಡದೆ ಸಣ್ಣ ದನಿಯಲ್ಲಿ ಹೇಳಿದ್ದಳು.

"ಕುಬುಸಕ್ಕ ಬರಲಿಲ್ಲ, ಅದೊಂದು ಬಾಕಿ ಅದ. ತೊಟ್ಟಿಲಿಗಿ ಬಂದ್ರ ಅದು ಮುಗೀತು. ಬರಲಿಲ್ಲಂದ್ರ ಎರಡಾಗ್ತಾವ ನೋಡ್ರಿ."

ಹುಲಿಗೆಪ್ಪ ಹುಟ್ಟಾ ಕಂಪ್ಯೂಟರಿನವನಲ್ಲ. ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದವನು. ಹೋದ ಮಳೆಗಾಲದಲ್ಲಿ ಮಾಲಕ ಮನೋಹರರಾವ್ ಒಂದು ಕಂಪ್ಯೂಟರು ತಂದಾಗ, ಪಕ್ಕದ ಕ್ಯಾಂಟೀನಿನ ಸಂಕಪ್ಪಣ್ಣನ ಮಗಳು ಹರಿಣಾಕ್ಷಿ ಬಂದು ಅದರಲ್ಲಿ ಯಂತ್ರ ನಡೆಸುವ ರೆಡ್ ಹ್ಯಾಟ್ ಎಂಬ ಲಿನಕ್ಸ್ ಹಾಕಿ, ಚಲನ್ ಬರೆಯುವ ಪ್ರೋಗ್ರಾಮು ಕೂಡಿಸಿ ಕೊಟ್ಟಿದ್ದಳು. ಅವಳು ಧನಕವಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವವಳು. ಸ್ವಿಚ್ಚು ಯಾರು ಒತ್ತುತ್ತೀರಿ ಎಂದು ಅವಳು ಕೇಳಿದಾಗ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಕಾಲು ಜೋಮು ಹಿಡಿದಿದ್ದರಿಂದ ಹುಲಿಗೆಪ್ಪನಿಗೆ ಸರಿಯಲಾಗಲಿಲ್ಲ. ಅಂದಿನಿಂದ ಅವನು ಆ ಯಂತ್ರದ ಮನುಷ್ಯ. ಹಾಯುವ ಹೋರಿಗೆ ಮೇವು ಹಾಕಲು ಊರಿನಲ್ಲಿ ಒಬ್ಬನನ್ನೇ ಕಳಿಸುತ್ತಾರಲ್ಲ, ಹಾಗೆ.

ಹತ್ತೂವರೆಗೆ ಸ್ಟೋರಿನ ದತ್ತು ವಡಾಪಾವ್ ತಿನ್ನುತ್ತ ಒಳಗೆ ಬಂದ. ಭಾಲ್ಕಿ ಕಡೆಯವನು, ತಿಂಡಿ ಕಟ್ಟಿದ ಕಾಗದವನ್ನೂ ಓದದೆ ಬಿಸಾಡುವವನಲ್ಲ. ಚಟ್ನಿ ಹತ್ತಿದ ಕಡೆ ನೆಕ್ಕಿ, ಕೆಳಗಿನ ಅಕ್ಷರ ಬಿಡಿಸಿ, ನಿಧಾನವಾಗಿ ತಲೆಯೆತ್ತಿದ.

"ಹುಲಿಗೆಪ್ಪ, ನಿನ್ನ ಲಿನಕ್ಸಿಂದು ಇವತ್ತಿಗಿ ಮುಗೀತಲ್ಲೋ."

ಸುದ್ದಿ ಸುಳ್ಳಲ್ಲ. ರೆಡ್ ಹ್ಯಾಟಿನ ಒಂಬತ್ತನೆಯ ಆವೃತ್ತಿಗೆ ಏಪ್ರಿಲ್ ಮೂವತ್ತರ ನಂತರ ಕಂಪನಿ ರಿಪೇರಿ ಕಳಿಸುವುದಿಲ್ಲ, ಇಟ್ಟುಕೊಂಡವರು ಬೇರೆಯದಕ್ಕೆ ಹೋಗಬೇಕು ಎಂದಿತ್ತು. ಹುಲಿಗೆಪ್ಪನಿಗೆ ಇದು ಗೊತ್ತಿತ್ತು. ಸಂಕ್ರಾಂತಿಯ ಹೊತ್ತಿಗೇ ಹರಿಣಾಕ್ಷಿ ಹೇಳಿ, ಫೆಡೋರಾ ಎಂಬ ಹೊಸ ಲಿನಕ್ಸಿನ ಮೂರು ಸಿ.ಡಿ.ಗಳನ್ನು ತಂದೆಯ ಹತ್ತಿರ ಬಿಟ್ಟುಹೋಗಿದ್ದಳು. ಊರಿಂದ ಬಂದ ಮೇಲೆ ಸಾವಕಾಶ ಮಾಡಿದರಾಯಿತು ಎಂದು ಅವನು ದತ್ತುವಿಗೆ ಹೇಳಿದ. ದತ್ತು ಅಷ್ಟರಲ್ಲಿ ಕಾಗದ ಹಿಡಿದು ಮಾಲಕರ ಕೋಣೆಯಲ್ಲಿದ್ದ.

ಮನೋಹರರಾವ್ ತಾರೀಖಿಗೆ ಹೆದರುವ ಮನುಷ್ಯ. ಹಿಂದೆ ಬಾಡಿಗೆ ಶೆಡ್ಡಿನ ಕರಾರು ಮುಗಿದು ಎರಡು ದಿನ ತಡವಾಯಿತೆಂದು ಅದರ ಧಣಿ ಇವರ ಪ್ರೆಸ್ಸುಗಳನ್ನು ಮಳೆಯಲ್ಲಿ ಹೊರಗಿಟ್ಟಿದ್ದ. ಆವತ್ತಿನಿಂದ ಅವರು ಹಾಲಿನ ಪ್ಯಾಕೀಟಿನ ತಾರೀಖನ್ನೂ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು.

"ಹಿಂದ ಯಾರೂ ಇಲ್ಲದ ಮಷೀನು ನನ್ನ ಶಾಪಿನ್ಯಾಗ ಒಂದು ರಾತ್ರಿನೂ ಇರಬಾರದು," ಎಂದರು. "ಬದಲಿ ಮಾಡು. ಮಾಡಿ ಊರಿಗಿ ಹೋಗು. ನಾ ಎಲ್ಲಿ ಬ್ಯಾಡ ಅಂದೀನಿ?"

ಎರಡು-ಮೂರು ತಾಸಿನ ಕೆಲಸ, ಆರಕ್ಕೆ ಹೊರಟರೆ ಸಾಕು ಎಂದು ಹುಲಿಗೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ ಎದ್ದ. ಆಗ ಟೈಪಿಂಗಿನ ಭುವನೇಶ್ವರಿಬಾಯಿ ಗೋಡೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿದರು. ಶುಕ್ರವಾರ, ಹನ್ನೆರಡರವರೆಗೆ ರಾಹುಕಾಲ. ಇಷ್ಟು ದಿನ ಇದ್ದದ್ದೆಲ್ಲ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೋಗುತ್ತದೆ ಎಂದರೆ ಅದು ಮನೆ ಬದಲಿ ಮಾಡಿದಂತೆಯೇ, ಹಾಲು ಉಕ್ಕಿಸದೆ ಒಳಗೆ ಕಾಲಿಡಬಾರದು ಎಂಬುದು ಅವರ ವಾದ. ದತ್ತು ಹೌದೆಂದ. ಮಾಲಕರೂ ಹೌದೆಂದರು. ಒಂದು ಪೂಜೆಗೆ ಹೆಚ್ಚಿಗೆ ಏನು ಹೋಗುತ್ತದೆ?

ಹುಲಿಗೆಪ್ಪ ಸಿ.ಡಿ. ತರಲು ಕ್ಯಾಂಟೀನಿಗೆ ಹೋದ. ಸಂಕಪ್ಪಣ್ಣ ಮೊದಲ ಎರಡನ್ನು ದೇವರ ಪಟದ ಹಿಂದಿನಿಂದ ತೆಗೆದುಕೊಟ್ಟರು. ಮೂರನೆಯದು ಅಡುಗೆಮನೆಯ ಕಿಟಕಿಯಲ್ಲಿ ದಾರಕ್ಕೆ ಕಟ್ಟಿಸಿಕೊಂಡು ಬಿಸಿಲಿಗೆ ಮಿಣಮಿಣ ತಿರುಗುತ್ತಿತ್ತು.

"ಅದನ್ನು ಕಟ್ಟಿದ ಮೇಲೆ ಒಂದು ಪಾರಿವಾಳ ಒಳಗೆ ಬರ್ಲಿಲ್ಲ ಮಾರಾಯ," ಎಂದರು ಸಂಕಪ್ಪಣ್ಣ ಬೇಸರದಿಂದ. "ನೀನು ತಗೊಂಡು ಹೋದ್ರೆ ನನ್ನ ಇಡ್ಲಿ ಹಿಟ್ಟಿಗೆ ಯಾರು ಕಾವಲು? ಕೆಲಸ ಆದ ಕೂಡ್ಲೆ ವಾಪಸ್ ಕೊಡ್ಬೇಕು, ಆಯ್ತಾ?"

ಸಂಜೆಯೊಳಗೆ ಕೊಡುತ್ತೇನೆಂದು ಹುಲಿಗೆಪ್ಪ ಮಾತು ಕೊಟ್ಟ. ಮೂರನೆಯದು ಬೇಕಾದಾಗ ಬಿಚ್ಚಿಕೊಂಡು ಹೋಗಲಿ, ಅಲ್ಲಿಯವರೆಗೆ ಕಿಟಕಿಯಲ್ಲೇ ಇರಲಿ ಎಂದು ಒಪ್ಪಂದವಾಯಿತು.

ಹನ್ನೆರಡು ಹೊಡೆದ ಮೇಲೆ ಮಾನಿಟರಿಗೆ ಸೇವಂತಿಗೆ ಹಾರ ಬಿತ್ತು. ಕ್ಯಾಂಟೀನಿನ ಒಲೆಯ ಮೇಲೆ ಹಾಲು ಉಕ್ಕಿತು. ಹುಲಿಗೆಪ್ಪ ಚಲನ್ ಪ್ರೋಗ್ರಾಮನ್ನೂ ಸ್ಟಾಕ್ ಲೆಕ್ಕವನ್ನೂ ಗಿರಾಕಿಗಳ ಪಟ್ಟಿಯನ್ನೂ ಎರಡು ಫ್ಲಾಪಿಗಳಿಗೆ ಇಳಿಸಿ, ಕಾಲ್ಗೆಜ್ಜೆಯ ಜೊತೆಗೆ ಜೇಬಿನಲ್ಲಿಟ್ಟುಕೊಂಡ. ಮೊದಲ ಸಿ.ಡಿ. ಯಂತ್ರದ ಬಾಯಿಗೆ ಹೋಗಿತ್ತು. ಅವನು ಕಣ್ಣು ಮುಚ್ಚಿ ಮಂಗಳಾರತಿಗೆ ಕೈ ಮುಗಿದಾಗ ಭುವನೇಶ್ವರಿಬಾಯಿ ತಟ್ಟೆಯಲ್ಲಿದ್ದ ಎರಡನೆಯದನ್ನು ಎತ್ತಿಕೊಂಡರು. ಅಕ್ಷರ ಬರೆದ ಕಡೆ ಬೆನ್ನು. ಕನ್ನಡಿಯಂತೆ ಹೊಳೆಯುವ ಕಡೆ ಮುಖ. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬೊಟ್ಟು ಇಡುವುದು ಮುಖಕ್ಕೆ. ಅವರು ಅರಿಶಿನ ಕಲಸಿ ಐದು ಕಡೆ ಹಚ್ಚಿ, ಒಂದೊಂದರ ಮೇಲೂ ಕುಂಕುಮ ಒತ್ತಿ, ಮುತ್ತೈದೆಯನ್ನು ಕೂಡಿಸಿದಂತೆ ತಟ್ಟೆಯಲ್ಲಿ ಮಲಗಿಸಿದರು.

ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಹಾಕಲೇ ಎಂದು ಯಂತ್ರ ಕೇಳಿತು. ಹುಲಿಗೆಪ್ಪ ಹ್ಞೂಂ ಎಂದು ಒತ್ತಿದ. ಪರದೆಯ ಮೇಲೆ ಒಂದು ನೀಲಿ ಪಟ್ಟಿ, ಏರು ಹತ್ತುವ ತುಂಬಿದ ಬಂಡಿಯ ಹಾಗೆ, ಮೆಲ್ಲಗೆ ಬಲಕ್ಕೆ ಹೊರಟಿತು. ಮಧ್ಯಾಹ್ನದ ಗಾಳಿ ಸುಡುತ್ತಿತ್ತು. ಬೇವಿನ ನೆರಳಲ್ಲಿ ಲಾರಿಯೊಂದು ಮಾಲು ತುಂಬಿಕೊಂಡು ನಿಂತಿತ್ತು. ಛಾಪಿಸಿದ ಚಲನ್ ಇಲ್ಲದೆ ದೊಡ್ಡ ಕಾರ್ಖಾನೆಯ ಗೇಟಿನವರು ಒಳಗೆ ಬಿಡುವುದಿಲ್ಲವಾದ್ದರಿಂದ ಅದರ ಚಾಲಕ ಮರದ ಬುಡದಲ್ಲಿ ಟವೆಲ್ ಹಾಸಿ ಮಲಗಿದ್ದ. ಪ್ರೆಸ್ಸಿನ ಧಡ್ ಧಡ್ ದೂರ ದೂರ ಹೋಗಿ ತೊಟ್ಟಿಲ ಕೊಂಡಿಯ ಕಿರಿಕಿರಿಯಾಯಿತು. ಹುಲಿಗೆಪ್ಪ ಬಗ್ಗಿ ನೋಡಿದ. ಕಂಬಳಿಯೊಳಗೆ ಮಗಳು ನಿದ್ದೆಯಲ್ಲಿ ನಗುತ್ತಿದ್ದಳು. ಅವಳ ಹಣೆಯ ಮೇಲೆ ನೂರಕ್ಕೆ ನಲವತ್ತು ಎಂದು ಬರೆದಿತ್ತು. ಇನ್ನೂ ಅರವತ್ತು ಆಗಬೇಕೇನೋ, ಆಗಲಿ, ಕೂಸು ಬೆಳೆಯಲು ಹೊತ್ತು ಬೇಕಲ್ಲ ಎಂದು ಅವನು ತೊಟ್ಟಿಲು ತೂಗಿದ.

ಎಚ್ಚರಾದಾಗ ಎರಡು ಗಂಟೆ. ಯಂತ್ರ ಎರಡನೆಯ ಸಿ.ಡಿ. ಕೇಳುತ್ತ ಕೂತಿತ್ತು. ಹುಲಿಗೆಪ್ಪ ತಟ್ಟೆಗೆ ಕೈ ಹಾಕಿದ. ಯಂತ್ರ ಓದುವ ಕಡೆಯಲ್ಲೇ ಐದೂ ಬೊಟ್ಟು ಒಣಗಿ ಗಾರೆಯಾಗಿದ್ದವು.

ಅವನು ಏನೋ ಅನ್ನಲು ಭುವನೇಶ್ವರಿಬಾಯಿಯ ಮುಖ ನೋಡಿದ. ಅದು ದೇವರ ಕೆಲಸ ಮಾಡಿದ ತೃಪ್ತಿಯಲ್ಲಿ ಬೆಳಗುತ್ತಿತ್ತು. ಟವೆಲಿನಿಂದ ಒರೆಸಿ ಒಳಗೆ ಹಾಕಿದರೆ ಯಂತ್ರ ಮುದುಕನಂತೆ ಕೆಮ್ಮಿ, ಓದಲಾಗುವುದಿಲ್ಲ, ಮೊದಲಿಂದ ಶುರು ಮಾಡು ಎಂದಿತು. ಸುದ್ದಿ ಕೇಳಿ ಬಂದ ಸಂಕಪ್ಪಣ್ಣ, ತಾಮ್ರದ ಹಂಡೆ ಬೆಳಗಿದ ಕೈಗೆ ಇದ್ಯಾವ ಲೆಕ್ಕ ಎಂದು ಸಿ.ಡಿ. ಒಯ್ದರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಎಲ್ಲ ಹಾಕಿ ತಿಕ್ಕಿ ತಂದುಕೊಟ್ಟರು. ಕುಂಕುಮ ಪೂರಾ ಹೋಗಿತ್ತು. ಅದರ ಜಾಗದಲ್ಲಿ ಮುಂಗಾರಿಗೆ ನೇಗಿಲು ಹೊಡೆದ ಹೊಲದಂತೆ ಸಾಲುಗಳಿದ್ದವು.

ಧನಕವಡಿಗೆ ಫೋನ್ ಮಾಡಿದರೆ ಹರಿಣಾಕ್ಷಿ ಪಾಠದಲ್ಲಿದ್ದಾಳೆ, ಸಂಜೆ ತಂದೆಯ ಹತ್ತಿರ ಬರುತ್ತಾಳೆ ಎಂದರು. ಮಾಲಕರು ಎರಡು ಸಲ ಇಣುಕಿ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಅರ್ಧ ಆಗೇದ್ರಿ ಎಂದ ಹುಲಿಗೆಪ್ಪ. ಅದು ನಿಜವೂ ಆಗಿತ್ತು. ಹಳೆಯ ಮನೆ ಕೆಡವಿಯಾಗಿತ್ತು, ಹೊಸದಕ್ಕೆ ಚಾವಣಿ ಇರಲಿಲ್ಲ.

ಮೂರೂವರೆಗೆ ಅವನು ಕಪಾಟಿನ ಕೆಳಗಿನ ಅರೆ ತಡಕಿದ. ಹೋದ ವರ್ಷದ ಪತ್ರಿಕೆಯಲ್ಲಿ ಸುತ್ತಿದ ಮೂರು ಸಿ.ಡಿ.ಗಳು ಕೈಗೆ ಸಿಕ್ಕವು. ಹಳೆಯ ರೆಡ್ ಹ್ಯಾಟಿನವು. ಹೋದ ವರ್ಷ ಅವು ಬಂದ ದಿನ ಭುವನೇಶ್ವರಿಬಾಯಿ ರಜೆಯಲ್ಲಿದ್ದರು. ಹೀಗಾಗಿ ಪೂಜೆಯಿಲ್ಲದೆ, ತೊಳೆದ ಮುಖದಂತೆ ಸ್ವಚ್ಛವಾಗಿದ್ದವು. ಹುಲಿಗೆಪ್ಪ ಅವನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕ ಹಾಕಿದ. ನಿಜ ಹೇಳಿದರೆ ರೈಲು ಹೋಗುತ್ತದೆ. ಹೇಳದಿದ್ದರೆ ಯಾರ ಗಂಟು ಹೋಗುತ್ತದೆ? ಕಿಟಕಿಯಿಂದ ಒಂದು ಬೇವಿನ ಹೂ ಬಂದು ಮೊದಲ ಸಿ.ಡಿ.ಯ ಮೇಲೆ ಬಿತ್ತು. ಅವನು ಅದನ್ನು ಊದಿ, ಸಿ.ಡಿ. ಒಳಗೆ ತಳ್ಳಿದ.

ಐದೂಕಾಲಿಗೆ ಎಲ್ಲವೂ ಇದ್ದ ಹಾಗೇ ಬಂದು ಕೂತಿತು. ಫ್ಲಾಪಿಯಿಂದ ಪ್ರೋಗ್ರಾಮೂ ಲೆಕ್ಕವೂ ಇಳಿದವು. ಉಳಿದದ್ದು ಒಂದೇ ತೊಡಕು. ಪರದೆಯ ಎಡ ಮೂಲೆಯಲ್ಲಿ ರೆಡ್ ಹ್ಯಾಟಿನ ಗುರುತಾದ ಸಣ್ಣದೊಂದು ಕೆಂಪು ಟೊಪ್ಪಿಗೆಯ ಚಿತ್ರ ಮೊದಲಿನಂತೆಯೇ ಕೂತಿತ್ತು. ಹುಲಿಗೆಪ್ಪ ಆಚೀಚೆ ನೋಡಿ, ಆರತಿ ತಟ್ಟೆಯ ಉಳಿದ ಕುಂಕುಮವನ್ನು ಬೆರಳಲ್ಲಿ ತೆಗೆದು, ಟೊಪ್ಪಿಗೆಯ ಮೇಲೆ ಸರಿಯಾಗಿ ಒಂದು ಬೊಟ್ಟು ಇಟ್ಟ.

ಎಲ್ಲರೂ ಬಂದು ನೋಡಿದರು. ಭುವನೇಶ್ವರಿಬಾಯಿಗೆ ಆ ಬೊಟ್ಟು ಕಂಡು ಕಣ್ಣು ತುಂಬಿತು. ಅಕ್ಷರ ಈಗ ಹೆಚ್ಚು ಕಪ್ಪಗಿವೆ ಎಂದ ದತ್ತು. ಮಾಲಕರು ಒಂದು ಚಲನ್ ತೆಗೆಸಿ, ಪ್ರಿಂಟರಿನ ಸದ್ದು ಕೂಡ ತಗ್ಗಿದೆ ಎಂದರು. ಚಾಲಕನನ್ನು ಎಬ್ಬಿಸಿ ಲಾರಿ ಕಳಿಸಿದ್ದಾಯಿತು.

"ಹಳೇದು ಭಾಳ ಎಳೀತಿತ್ತು ನೋಡು," ಎಂದು ಮಾಲಕರು ಹುಲಿಗೆಪ್ಪನ ಬೆನ್ನು ತಟ್ಟಿದರು. "ಇದಕ್ಕ ಅಂತಾರ ಹೊಸಾದು ಅಂತ." ಮತ್ತೆ ಏನೋ ನೆನಪಾದಂತೆ ಫೋನಿನ ಕಡೆಗೆ ನಡೆದರು.

ಆರಕ್ಕೆ ಹುಲಿಗೆಪ್ಪ ಚೀಲ ಹೆಗಲಿಗೇರಿಸುವಾಗ ಹರಿಣಾಕ್ಷಿ ಬಂದಳು. ಪರದೆ ನೋಡಿದಳು, ಮೂಲೆಯ ಕುಂಕುಮ ನೋಡಿದಳು, ಬೆರಳಿಂದ ಸ್ವಲ್ಪ ಒರೆಸಿದಳು. ಟೊಪ್ಪಿಗೆಯ ತುದಿ ಹೊರಬಂತು. ಹುಲಿಗೆಪ್ಪನ ಎದೆಯೊಳಗೆ ರೈಲು ನಿಂತುಬಿಟ್ಟಿತು. ಅವನು ದನಿ ತಗ್ಗಿಸಿ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಅವಳು ನಗಲಿಲ್ಲ. ಮೇಜಿನ ಹಿಂದೆ ಬಗ್ಗಿ, ಗೋಡೆಯವರೆಗೆ ಕಣ್ಣಾಡಿಸಿ ಕೇಳಿದಳು.

"ಹುಲಿಗೆಪ್ಪಣ್ಣ, ಕಂಪನಿಯ ರಿಪೇರಿ ಇಷ್ಟು ದಿನ ಇದಕ್ಕೆ ಯಾವ ದಾರಿಯಲ್ಲಿ ಬರ್ತಿತ್ತು?"

ಅವನೂ ಬಗ್ಗಿ ಮೇಜಿನ ಹಿಂದೆ ನೋಡಿದ.

"ಇಂಟರ್ನೆಟ್ಟಿನಲ್ಲಿ ಬರ್ಬೇಕು. ಇದಕ್ಕೆ ಫೋನಿನ ತಂತಿಯೇ ಇಲ್ಲ. ಹಾಕಿದ ದಿನದಿಂದ ಒಂದು ರಿಪೇರಿಯೂ ಬರ್ಲಿಲ್ಲ. ಬಾರದ್ದು ನಿಂತ್ರೆ ಎಂತ ಆಗ್ತದೆ? ಹೊಸ ಸಿ.ಡಿ. ಕೊಟ್ಟದ್ದು ಮುಂದೆ ತಂತಿ ಹಾಕಿಸಿದ್ರೆ ಬೇಕಾದೀತು ಅಂತ. ಸುಮ್ನೆ ಬಿಟ್ಟಿದ್ರೆ ಇನ್ನು ಹತ್ತು ವರ್ಷ ಚಲನ್ ಬರೀತಿತ್ತು."

ಹುಲಿಗೆಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹಗುರವಾಯಿತು. ಹಾಗಾದರೆ ತಾನು ಯಾರಿಗೂ ಮೋಸ ಮಾಡಿದಂತಾಗಲಿಲ್ಲ. ಹಳೆಯದೇ ಸಾಕಾಗಿತ್ತು, ಹಳೆಯದೇ ಇದೆ. ಅವನು ಚೀಲ ಸರಿಪಡಿಸಿಕೊಂಡು ಬಾಗಿಲಿಗೆ ಬಂದ. ಎದುರಿನಿಂದ ಮಾಲಕರು ಪೇಢೆಯ ಡಬ್ಬಿ ಹಿಡಿದು ಬಂದರು.

ನಿಗಡಿಯಲ್ಲಿ ಅವರ ಭಾವಮೈದುನನ ಕಾರ್ಖಾನೆ. ಅಲ್ಲಿ ನಾಲ್ಕು ಕಂಪ್ಯೂಟರು, ನಾಲ್ಕರಲ್ಲೂ ಇದೇ ಹಳೆಯ ಲಿನಕ್ಸ್. ನಮ್ಮ ಹುಲಿಗೆಪ್ಪ ಅರ್ಧ ದಿನದಲ್ಲಿ ಎಷ್ಟು ಚೆಂದ ಬದಲಿ ಮಾಡಿದ ಎಂದು ಇವರು ಫೋನಿನಲ್ಲಿ ಹೇಳಿದ್ದೇ ತಡ, ಅವರು ಬೇಡಿಕೊಂಡಿದ್ದರು. ನಾಳೆ ಮೇ ಒಂದರ ರಜೆ, ನಾಡಿದ್ದು ಭಾನುವಾರ. ಎರಡೂ ದಿನ ಅವರ ಶಾಪು ಬಂದ್.

"ಮಾತು ಕೊಟ್ಟೀನಿ," ಎಂದರು ಮಾಲಕರು, ಪೇಢೆಯನ್ನು ಅವನ ಬಾಯಿಗೇ ಇಡುತ್ತ. "ಎರಡು ದಿನ ಮುಗಿಸಿ ಸೋಮವಾರ ಹೋಗು. ಕೂಸು ಎಲ್ಲಿ ಓಡಿ ಹೋಗ್ತದ?"

ಬಾಯಿ ತುಂಬಿದ್ದರಿಂದ ಹುಲಿಗೆಪ್ಪ ಹರಿಣಾಕ್ಷಿಯ ಕಡೆ ನೋಡಿದ. ಮಾಲಕರು ಅತ್ತ ತಿರುಗಿದಾಗ ಅವಳು ಮೆಲ್ಲಗೆ, "ಬದಲಿ ಮಾಡುವುದೇ ಬೇಡ ಅಂತ ನಾನು ಹೇಳ್ಬಹುದು. ಆಗ ಇವತ್ತು ಇಲ್ಲಿ ಎಂತ ಆಯ್ತು ಅಂತ ಕೇಳ್ತಾರೆ. ಹೇಳ್ಲಾ?" ಎಂದಳು.

ಹುಲಿಗೆಪ್ಪ ಪೇಢೆ ನುಂಗಿ, ಬೇಡವೆಂದು ತಲೆಯಾಡಿಸಿದ. ಭುವನೇಶ್ವರಿಬಾಯಿ ಆಗಲೇ ಕುಂಕುಮದ ಭರಣಿಗೆ ಮುಚ್ಚಳ ಹಾಕಿ ಅವನ ಚೀಲದೊಳಗೆ ಇಡುತ್ತಿದ್ದರು. ನಿಗಡಿಯವರಿಗೆ ಇದೆಲ್ಲ ಗೊತ್ತಿರುವುದಿಲ್ಲ, ನಾಲ್ಕಕ್ಕೂ ಮೂಲೆಯಲ್ಲಿ ಮರೆಯದೆ ಒಂದೊಂದು ಬೊಟ್ಟು ಇಡಬೇಕು ಎಂದರು.

ಅವನು ಕ್ಯಾಂಟೀನಿಗೆ ನಡೆದ. ಮೂರನೆಯ ಸಿ.ಡಿ. ಕೊನೆಗೂ ಬೇಕಾಗಿರಲಿಲ್ಲ, ಕಿಟಕಿಯಲ್ಲಿ ಸಂಜೆಬಿಸಿಲಿಗೆ ತಿರುಗುತ್ತಲೇ ಇತ್ತು. ಹುಲಿಗೆಪ್ಪ ಸಾಲು ಬಿದ್ದ ಎರಡನೆಯದಕ್ಕೂ ದಾರ ಪೋಣಿಸಿ ಅದರ ಪಕ್ಕಕ್ಕೆ ಕಟ್ಟಿದ. ಒಂದು ಕೊಡಬೇಕಿದ್ದಲ್ಲಿ ಎರಡು ಬಂತಲ್ಲ ಎಂದು ಸಂಕಪ್ಪಣ್ಣ ಸಂತೋಷಪಟ್ಟು, ಅವನ ಮುಂದೆ ಚಹಾ ಇಟ್ಟರು. ಎರಡೂ ಸೇರಿ ಗೋಡೆಯ ಮೇಲೆ ತೊಟ್ಟಿಲು ತೂಗಿದಂತೆ ಬೆಳಕು ಆಡಿಸುತ್ತಿದ್ದವು. ಹುಲಿಗೆಪ್ಪ ಅದನ್ನೇ ನೋಡುತ್ತ, ಯಂಕವ್ವನ ಊರಿನ ಫೋನ್ ಬೂತು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ನೆನಪು ಮಾಡಿಕೊಂಡ. ಸಂಕಪ್ಪಣ್ಣನ ಬಾಕಿ ತೀರಿತ್ತು. ಯಂಕವ್ವನದು ಈಗ ಎರಡಾಗಿತ್ತು.