ಸದ್ದಡಗಿದ ಕಾರು

ಹಲ್ಲಿನ ಡಾಕ್ಟರ ಕೆಂಪು ಕಾರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಡಾಕ್ಟರಿಗಿಂತಲೂ ವಯಸ್ಸಾದ ರೇಸು ಕಾರು ಅದು. ಮುಂದಿನ ಚಕ್ರಗಳನ್ನು ಹಿಡಿದಿರುವ ಕಬ್ಬಿಣದ ತೋಳುಗಳ ಸಂದಿಯಲ್ಲಿ ಕೂರುವ, ಬಳೆಯಂಥ ರಬ್ಬರ್ ಬುಷ್‌ಗಳು ಸವೆದು, ಸಣ್ಣ ಗುಂಡಿಗೆ ಇಳಿದರೂ ಕಾರು ಮೊಣಕಾಲು ಹಿಡಿದ ಮುದುಕನಂತೆ 'ಕಿರ್ರ್ರ್' ಎಂದು ನರಳುತ್ತಿತ್ತು.

"ಡಾಕ್ಟ್ರೇ, ನಿಮ್ಮ ಪೇಷೆಂಟ್‌ಗಳೂ ಇಷ್ಟು ಕಿರುಚಲ್ಲವಲ್ಲ!" ಎಂದುಬಿಟ್ಟರು ಹಳೇ ಕಾರುಗಳ ಕ್ಲಬ್ಬಿನ ಅಧ್ಯಕ್ಷರು, ಅದೂ ಎಲ್ಲರ ಮುಂದೆ. ಮೈಯೆಲ್ಲ ಉರಿದುಹೋದ ಡಾಕ್ಟರು ಹೊರದೇಶದಿಂದ ಹೊಸ ಬುಷ್ ತರಿಸಿದರು. ಭಾನುವಾರ ತಿಂಡಿಯನ್ನೂ ಮುಗಿಸದೆ ಕಾರಿನಡಿ ನುಗ್ಗಿದರು.

"ಮೆಕ್ಯಾನಿಕ್ ಹತ್ರ ಕೊಡಬಾರದಾ?" ಎಂದರು ಹೆಂಡತಿ.

"ಜೀವಮಾನವೆಲ್ಲ ಹಲ್ಲು ಕಿತ್ತಿದೀನಿ ಕಣೇ. ಹಳೇದು ಕೀಳೋದು, ಹೊಸದು ಕೂರಿಸೋದು. ಇದರಲ್ಲೇನಿದೆ ಮಹಾ!"

ಕಾರಿನ ವಿಷಯಕ್ಕೆ ಬಂದರೆ ಡಾಕ್ಟರಿಗೆ ಮಾತು ನಿಲ್ಲುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕೇಳುವವರ ಬಾಯಿ ತೆರೆದೇ ಇರುತ್ತಿದ್ದರಿಂದ ಸಾಕೆನ್ನುವವರೇ ಇರಲಿಲ್ಲ. ಆ ರೂಢಿಯಲ್ಲೇ ಬೀದಿಯಲ್ಲಿ ಸಿಕ್ಕಿದವರನ್ನೂ ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದರು.

ಜಾಕ್ ಏರುತ್ತಿದ್ದಂತೆ ಎದುರುಮನೆಯ ನಿವೃತ್ತ ರೈಲು ಡ್ರೈವರ್ ಕುರ್ಚಿ ಸಮೇತ ಹಾಜರಾದ. ಪಕ್ಕದ ಮನೆಯ ಟೈಲರಮ್ಮ ಕೊರಳಿನ ಟೇಪು ತೆಗೆಯದೆಯೇ ಬಂದು ನಿಂತಳು. ತುಕ್ಕು ಹಿಡಿದ ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಬಡೀರಿ ಡಾಕ್ಟ್ರೇ! ಇಂಜಿನ್ನನ್ನೇ ಬಡಿದು ದಾರಿಗೆ ತಂದಿದೀವಿ ನಾವು," ಎಂದ ರೈಲು ಡ್ರೈವರ್.

"ಅಯ್ಯೋ, ಬಡೀಬೇಡಿ. ಎಣ್ಣೆ ಬಿಡಿ," ಎಂದಳು ಟೈಲರಮ್ಮ.

ಡಾಕ್ಟರು ಇಬ್ಬರ ಮಾತನ್ನೂ ಕೇಳಿದರು. ಮೊದಲು ಎಣ್ಣೆ ಬಿಟ್ಟರು, ಆಮೇಲೆ ಬಡಿದರು. ಸುತ್ತಿಗೆ ಜಾರಿ ನೇರ ಹೆಬ್ಬೆರಳಿನ ಮೇಲೆ ಕೂತಿತು. ಅಂಥ ಕೂಗು ಅವರ ಕ್ಲಿನಿಕ್ಕಿನಲ್ಲೂ ಎದ್ದಿರಲಿಲ್ಲ.

"ಏನಿಲ್ಲ, ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ," ಎಂದು ಹೆಂಡತಿ ಸಮಾಧಾನ ಹೇಳಿದರು. ಅದು ಡಾಕ್ಟರು ಸೂಜಿ ಚುಚ್ಚುವಾಗ ಪೇಷೆಂಟ್‌ಗಳಿಗೆ ಹೇಳುವ ಮಾತು.

ಕೊನೆಗೆ ಬೋಲ್ಟು ಬಿಟ್ಟುಕೊಂಡಿತು. ಜೊತೆಗೆ ಹಿಡಿ ಕೆಸರು ಕಳಚಿ ಕನ್ನಡಕದ ಮೇಲೆ ಬಿತ್ತು. ಅದನ್ನು ಗ್ರೀಸು ಹತ್ತಿದ ಅಂಗಿಯಲ್ಲೇ ಒರೆಸಿಕೊಂಡಾಗ ಜಗತ್ತೆಲ್ಲ ಮಜ್ಜಿಗೆಯಂತೆ ಕಂಡಿತು. ಆದರೂ ಎದೆಗುಂದದೆ, ಹಳೇ ಬುಷ್‌ಗಳನ್ನು ಕಿತ್ತು ಹೊರಗೆ ಸರಿಸಿ, ಅಡಿಯಿಂದಲೇ ಕೈ ಹೊರಚಾಚಿ, "ಹೊಸವಕ್ಕೆ ಸೋಪಿನ ನೀರು ಹಚ್ಚಿ ಒಂದೊಂದೇ ಕೊಡೇ," ಎಂದರು. ಹೆಂಡತಿ ನರ್ಸಿನಂತೆ ಬುಷ್‌ಗಳನ್ನು ಅಂಗೈಗೆ ಇಡುತ್ತ ಹೋದರು.

"ಮುಟ್ಟಿದ್ರೇ ಗೊತ್ತಾಗುತ್ತೆ ನೋಡಿ, ಹೊಸ ರಬ್ಬರಿನ ಗತ್ತೇ ಬೇರೆ!" ಎಂದು ಕಾರಿನಡಿಯಿಂದ ಉಪನ್ಯಾಸ ಕೇಳಿಬಂತು.

ಸಂಜೆ ಕಾರು ಬೀದಿಗಿಳಿಯಿತು. ಗುಂಡಿ ಬಂತು, ಸದ್ದಿಲ್ಲ. ಉಬ್ಬು ಬಂತು, ಸದ್ದಿಲ್ಲ. ಡಾಕ್ಟರು ನೆಟ್ಟಗೆ ಕ್ಲಬ್ಬಿಗೇ ಹೋದರು. ಅಧ್ಯಕ್ಷರು ಬಾನೆಟ್ಟನ್ನು ಎಷ್ಟು ಅದುಮಿದರೂ ಕಾರು ತುಟಿಪಿಟಕ್ಕೆನ್ನಲಿಲ್ಲ.

"ಬರೋ ಭಾನುವಾರದ ರ‍್ಯಾಲಿಯಲ್ಲಿ ಒಂದೇ ಒಂದ್ಸಲ ಕಿರ್ ಅಂದ್ರೂ ಈ ಮೀಸೆ ಬೋಳಿಸ್ಕೋತೀನಿ!" ಎಂದರು ಡಾಕ್ಟರು. ಅಧ್ಯಕ್ಷರು ಎಲ್ಲರೆದುರು ಅವರ ಕೈಕುಲುಕಿ ಪಂಥ ಒಪ್ಪಿಕೊಂಡರು.

ಹೆಂಡತಿಯನ್ನು ಬೆರಗುಗೊಳಿಸಬೇಕೆಂದು ಡಾಕ್ಟರು ತಿರುವಿನಲ್ಲೇ ಇಂಜಿನ್ ಆರಿಸಿ, ಕಾರನ್ನು ಮೆಲ್ಲಗೆ ಮನೆಯ ಕಾಂಪೌಂಡಿನ ತನಕ ಉರುಳಿಸಿದರು. ಗೋಡೆಯಾಚೆ ಹೆಂಡತಿ, ರೈಲು ಡ್ರೈವರ್, ಟೈಲರಮ್ಮ ಮೂವರೂ ಕಾಫಿ ಕುಡಿಯುತ್ತಿದ್ದರು.

"ಆ ಕಿರ್ರ್ ಅನ್ನೋದೇ ನಮಗೆ ಸೈರನ್ನು ತಾಯಿ," ಎನ್ನುತ್ತಿದ್ದ ರೈಲು ಡ್ರೈವರ್. "ಕೇಳಿದ ತಕ್ಷಣ ಬಾಗಿಲು ಹಾಕ್ಕೊಂಡು ಬಚಾವಾಗ್ತಿದ್ದೆ. ಸದ್ದಿಲ್ಲದೆ ಬಂದು ಕೊರೆಯೋಕೆ ಶುರು ಮಾಡಿದ್ರೆ ನಮ್ಮ ಗತಿ ಏನು ಅಂತ ದಿಗಿಲಾಗಿತ್ತು."

"ಇನ್ಯಾಕೆ ದಿಗಿಲು? ನಾನು ಕೊಟ್ಟಿದ್ದೆಲ್ಲ ಹಳೇ ಬುಷ್ಷೇ ತಾನೇ, ತೊಳೆದು ಹಾಗೇ ವಾಪಸ್ ಕೊಟ್ಟೆ," ಎಂದರು ಹೆಂಡತಿ. "ಸೋಪು ಒಣಗೋವರೆಗೆ ಸುಮ್ಮನಿರುತ್ತೆ. ಗುರುವಾರದ ಹೊತ್ತಿಗೆ ಮತ್ತೆ ಶುರು. ನನಗೂ ಆ ಸದ್ದು ಕೇಳಿದ್ರೇ ತಲೆನೋವು ಅಂತ ಮಲಗೋಕೆ ಅನುಕೂಲ."

"ಹೊಸವು ನನ್ನ ಹೊಲಿಗೆ ಮಷೀನಿನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವೆ ಅಕ್ಕ," ಎಂದಳು ಟೈಲರಮ್ಮ. "ಎಷ್ಟು ಜೋರಾಗಿ ಓಡಿಸಿದ್ರೂ ಅಲ್ಲಾಡಲ್ಲ!"

ಡಾಕ್ಟರಿಗೆ ಗೋಡೆ ಹಾರಿ ಹೋಗಿ ಕೂಗಾಡಬೇಕೆನಿಸಿತು. ಆದರೆ ಏನೆಂದು ಕೂಗಾಡುವುದು? ಕಿತ್ತ ಹಲ್ಲನ್ನೇ ಹೊಸದೆಂದು ಅದೇ ಬಾಯಿಗೆ ಕೂರಿಸಿ ಬಂದೆ ಎಂದೇ? ಬುಷ್ ವಾಪಸ್ ಕೇಳಿದರೆ ಸುದ್ದಿ ತಮಗಿಂತ ಮೊದಲು ಕ್ಲಬ್ಬು ಸೇರುತ್ತಿತ್ತು.

ಉಸಿರು ಬಿಗಿಹಿಡಿದು, ಕಾರನ್ನು ಕೈಯಲ್ಲೇ ತಿರುವಿನವರೆಗೆ ಹಿಂದಕ್ಕೆ ತಳ್ಳಿದರು. ಇಂಜಿನ್ ಚಾಲೂ ಮಾಡಿ, ಉದ್ದಕ್ಕೂ ಹಾರ್ನ್ ಬಾರಿಸುತ್ತ ಬಂದರು. ಬೀದಿಯಲ್ಲಿ ದಬದಬನೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಒಳಗೆ ಹೋದರೆ ಹೆಂಡತಿ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮಲಗಿದ್ದರು.

"ಬಂದ್ರಾ? ತಲೆ ಸಿಡೀತಿದೆ ಕಣ್ರೀ. ಹೇಗೆ ಓಡ್ತು ಕಾರು?"

"ಬೆಣ್ಣೆ ಥರ," ಎಂದರು ಡಾಕ್ಟರು.

"ಮತ್ಯಾಕೆ ಮೀಸೆ ಹಿಡ್ಕೊಂಡು ನಿಂತಿದೀರ?"

"ಸುಮ್ನೆ," ಎಂದರು ಡಾಕ್ಟರು. "ಇರೋಷ್ಟು ದಿನ ಸವರೋಣ ಅಂತ."