ದೋಷವೇ ಇಲ್ಲದ ಗಿಡ್ಡ ಗಿಟಾರ್ ಕಳಿಸಿದ ಮಹನೀಯರಿಗೆ

ಸಿಂಧನೂರು, ರಾಯಚೂರು ಜಿಲ್ಲೆ
ಫೆಬ್ರವರಿ ೧೯೭೨

ಮುಂಬಯಿಯ ನಾದಮಿತ್ರ ವಾದ್ಯ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ಕಾಲುವೆಯ ನೀರು ಕುಡಿದು ಬದುಕಿರುವ ಸಿಂಧನೂರಿನಿಂದ, ಸಮುದ್ರದ ಗಾಳಿ ಕುಡಿದು ಬದುಕಿರುವ ತಮಗೆ, ಬೀಜ ಮತ್ತು ಗೊಬ್ಬರದ ವ್ಯಾಪಾರಿ ಮುದುಕಪ್ಪನ ಅನಂತ ನಮಸ್ಕಾರಗಳು. ತಾವು, ತಮ್ಮ ಗುಮಾಸ್ತರು, ಗಿಟಾರಿಗೆ ಬಣ್ಣ ಹಚ್ಚುವವರು, ಪೆಟ್ಟಿಗೆಗೆ ಮೊಳೆ ಹೊಡೆಯುವವರು ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮವಾಗಿಲ್ಲವೆಂದೂ ಅದಕ್ಕೆ ತಾವೇ ಕಾರಣರೆಂದೂ ವಿನಯಪೂರ್ವಕವಾಗಿ ತಿಳಿಸುವುದಕ್ಕೆ ಈ ಪತ್ರ. ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದರೂ ಅದರ ಸಾರಾಂಶ ತಮಗಿಂತ ಮೊದಲು ನಮ್ಮ ಊರಿಗೆ ತಿಳಿಯುವುದರಿಂದ, ಲಕೋಟೆಯ ಅಂಟಾದರೂ ಉಳಿಯಲಿ ಎಂಬುದು ನನ್ನ ಆಲೋಚನೆ.

ದೂರು ಇಷ್ಟೇ: ತಾವು ಕಳಿಸಿದ ಗಿಡ್ಡ ಕುತ್ತಿಗೆಯ ಕರೆಂಟ್ ಗಿಟಾರಿನಲ್ಲಿ ಯಾವ ದೋಷವೂ ಇಲ್ಲ.

ಇದು ದೂರು ಹೇಗಾಯಿತೆಂದು ತಾವು ಹುಬ್ಬೇರಿಸಬಹುದು. ದಯವಿಟ್ಟು ಹುಬ್ಬನ್ನು ಅಲ್ಲಿಯೇ ಇಟ್ಟುಕೊಂಡು ಮುಂದೆ ಓದಬೇಕು.

ಕಾಲುವೆಗೆ ಮೊದಲ ಸಲ ನೀರು ಬಂದ ವರ್ಷ, ನೀರು ನೋಡಲು ನೆರೆದ ಜನರ ಮುಂದೆ ಹೈದರಾಬಾದಿನ ಕಡೆಯ ಕಲಾವಿದರೊಬ್ಬರು ಸಿತಾರ ನುಡಿಸಿದರು. ಊರೆಲ್ಲ ನೀರಿನ ಕಡೆ ಮುಖ ಮಾಡಿ ನಿಂತಿತ್ತು. ನಾನೊಬ್ಬನೇ ನೀರಿಗೆ ಬೆನ್ನು ಮಾಡಿ ಸಿತಾರ ಕೇಳುತ್ತ ನಿಂತಿದ್ದೆ. ಮುಂದೆ ನಮ್ಮ ಹೊಲಕ್ಕೂ ನೀರು ಹರಿದು, ಜೋಳದ ಜಾಗದಲ್ಲಿ ಭತ್ತ ಎದ್ದು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಉಳಿದವರು ಎತ್ತು ಕೊಂಡರು, ನಾನು ಸಿತಾರ ಕೊಂಡೆ. ಅದರ ಕುತ್ತಿಗೆ ನನಗೆ ಉದ್ದವಾಯಿತು. ನನ್ನ ಬೆರಳುಗಳು, ಮುಚ್ಚಿಡುವುದೇನು, ಶೇಂಗಾ ಕಾಯಿಯಂತೆ ಗಿಡ್ಡ ಮತ್ತು ದುಂಡಗಿವೆ. ಆದ್ದರಿಂದ ಹಾರ್ಮೋನಿಯಂ ತಂದೆ. ಅದರ ಗಂಟಲು ಕಟ್ಟಿತ್ತು. ಪಿಟೀಲು ತಂದೆ, ಅದು ಬೆಕ್ಕಿನಂತೆ ಕೂಗಿದ್ದು ಮರದ ದೋಷವೆಂದು ತೀರ್ಮಾನಿಸಿದೆ. ಹೀಗೆ ಒಂದೊಂದು ವಾದ್ಯದ ಕುಂದು ಇನ್ನೊಂದು ವಾದ್ಯವನ್ನು ಮನೆಗೆ ಕರೆತರುತ್ತ ಬಂದು, ಅಂಗಡಿಯ ಕೆಳಗಿನ ಅರ್ಧವನ್ನು ಗೊಬ್ಬರದ ಚೀಲಗಳೂ ಮೇಲಿನ ಅರ್ಧವನ್ನು ಗೋಡೆಗೆ ತೂಗುಹಾಕಿದ ನನ್ನ ಸಂಗ್ರಹವೂ ಹಂಚಿಕೊಂಡವು. ಗೊಬ್ಬರದ ಉಪ್ಪುಗಾಳಿಗೆ ತಂತಿಗಳು ತುಕ್ಕು ಹಿಡಿದಾಗ ಅದನ್ನೂ ತಂತಿ ಮಾಡಿದವರ ಲೆಕ್ಕಕ್ಕೆ ಹಾಕಿದೆ.

ಯಾರೂ ನನ್ನ ವಾದನವನ್ನು ಕೇಳಿರಲಿಲ್ಲವಾದ್ದರಿಂದ ನನ್ನ ಕೀರ್ತಿಗೆ ಎಲ್ಲಿಯೂ ಧಕ್ಕೆ ಬರಲಿಲ್ಲ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದ ರೈತರು ಯೂರಿಯಾ ಕೊಳ್ಳಲು ಬಂದಾಗ ಗೋಡೆಯನ್ನು ನೋಡಿ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಮಸ್ಕಿಯ ಹಸನ್‌ಸಾಬರು, ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರು, ನನ್ನ ಬಹುಕಾಲದ ಗೆಳೆಯರು, ನನ್ನನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ನನ್ನ ಹೆಂಡತಿ ಕರೆಮ್ಮ ಮಾತ್ರ ಏನೂ ಕರೆಯುತ್ತಿರಲಿಲ್ಲ. ಗೋಡೆ ಒರೆಸುವಾಗ ಒಂದೊಂದನ್ನೂ ಇಳಿಸಿ, ಧೂಳು ಕೊಡವಿ, ಮತ್ತೆ ತೂಗುಹಾಕುತ್ತಿದ್ದಳು.

ಇಂಥ ಸುಖದ ಕಾಲದಲ್ಲಿ ತಮ್ಮ ಸಚಿತ್ರ ಬೆಲೆಪಟ್ಟಿ ಬಂತು. ಅದರಲ್ಲಿ ಕರೆಂಟಿನ ಗಿಟಾರುಗಳಿದ್ದವು. ಸಂಗ್ರಹದಲ್ಲಿ ಕರೆಂಟಿನದು ಒಂದೂ ಇಲ್ಲವೆಂಬ ಕೊರತೆ ಅಂದಿನವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ಆ ಕ್ಷಣದಿಂದ ಅನ್ನ ಸೇರದಂತಾಯಿತು. ಆದರೆ ಮೊದಲಿನ ತಪ್ಪುಗಳನ್ನು ಮಾಡಬಾರದು, ಈ ಸಲ ನೋಡಿ, ಮುಟ್ಟಿ, ಅಳೆದು ಆರಿಸಬೇಕು ಎಂದು ನಿಶ್ಚಯಿಸಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಅಲ್ಲಿ ಬ್ಯಾಂಡ್ ಮಾಸ್ತರ ಅಲ್ಲಾಭಕ್ಷ್ ಅವರ ಬಳಿ ಮುರಿದುಹೋದ ಸರ್ಕಸ್ಸಿನಿಂದ ಬಂದ ಉದ್ದ ಕುತ್ತಿಗೆಯ ಗಿಟಾರ್ ಇತ್ತು. ಅದರ ಮೊದಲ ಮೆಟ್ಟಿನ ಮೇಲೆ ತೋರುಬೆರಳಿಟ್ಟು, ಮೂರನೆಯದರ ಕಡೆಗೆ ಕಿರುಬೆರಳನ್ನು ಕಳಿಸಿದೆ. ಅದು ಅಲ್ಲಿಗೆ ಮುಟ್ಟಲೂ ಇಲ್ಲ, ಹಿಂತಿರುಗಲೂ ಇಲ್ಲ. ಕೈ ಸೆಟೆದುಕೊಂಡದ್ದರಿಂದ ಮಾಸ್ತರರ ತಾಯಿ ಬಿಸಿ ಎಣ್ಣೆ ತಿಕ್ಕಿ ಬಿಡಿಸಬೇಕಾಯಿತು. ಮರುವಾರ ಮಸ್ಕಿಗೆ ಹೋದೆ. ಹಸನ್‌ಸಾಬರ ಅಂಗಡಿಯಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಉಕ್ಕಿನ ತುಂಡಿನಿಂದ ಜಾರಿಸುವ ಗಿಟಾರೊಂದಿತ್ತು. ಅದರಲ್ಲಿ ಸ್ವರ ಒಂದೆಡೆ ನಿಲ್ಲದೆ ಜಾರುತ್ತದೆ. ಮೊದಲೇ ಜಾರುವ ಸ್ವಭಾವದವನಾದ ನನಗೆ ಆ ಜೋಡಿ ಹಿತವಲ್ಲವೆನಿಸಿತು.

ಉಳಿದದ್ದು ತಮ್ಮ ಗಿಡ್ಡ ಕುತ್ತಿಗೆಯದು. ತಂತಿ ಗಿಡ್ಡ, ಮೆಟ್ಟುಗಳ ನಡುವಿನ ದೂರ ಕಡಿಮೆ, ಬಿಗುವು ಸಡಿಲ, ಸಣ್ಣ ಕೈಯವರಿಗೆ ಹೇಳಿ ಮಾಡಿಸಿದ್ದು ಎಂದು ತಾವು ಬರೆದಿದ್ದಿರಿ. ನಾನು ನಂಬದೆ, ಬಿಳಿ ಹಾಳೆಯ ಮೇಲೆ ಎಡಗೈ ಇಟ್ಟು ಸುತ್ತ ಪೆನ್ಸಿಲಿನಿಂದ ಗೀರಿ ತಮಗೆ ಕಳಿಸಿದೆ. ಆ ಕೈಗೆ ಈ ಗಿಟಾರ್ ಸರಿಯಾಗಿ ಹೊಂದುತ್ತದೆಂದು ತಾವು ಮರುಟಪಾಲಿನಲ್ಲಿ ಉತ್ತರಿಸಿದಿರಿ. ಇಷ್ಟು ಸೌಜನ್ಯ ತೋರಬಾರದಿತ್ತು, ಸ್ವಾಮಿ.

ಏಕೆಂದರೆ ಆ ಉತ್ತರವನ್ನು ಕರೆಮ್ಮನಿಗೆ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಇದು ನಿಮ್ಮ ಕೈಯಳತಿದು ಅಂತ ಅವರ ಬರದಾರ. ಇದೂ ಬರಲಿಲ್ಲ ಅಂದ್ರ ಏನ್ ಮಾಡ್ತೀರಿ?” ಎಂದಳು.

“ಗ್ವಾಡಿ ಮ್ಯಾಲಿನವು ಎಲ್ಲಾ ಇಳಿಸಿಬಿಡ್ತೀನಿ” ಎಂದು ನಾನು ಆವೇಶದಲ್ಲಿ ಹೇಳಿದೆ. ಆಕೆ ತಲೆಯಾಡಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಗಿಟಾರ್ ರಾಯಚೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನ ಮೇಲೆ ಕೋಳಿಬುಟ್ಟಿಗಳ ಜೊತೆಯಲ್ಲಿ ಬಂತು. ದಾರಿಯಲ್ಲಿ ಏನಾದರೂ ಮುರಿದಿರಬಹುದೆಂಬ ನನ್ನ ಆಸೆಯನ್ನು ತಮ್ಮ ಪೆಟ್ಟಿಗೆಯವರು ಹುಲ್ಲು ತುಂಬಿ ಹಾಳುಮಾಡಿದ್ದರು. ಗೋಧಿ ಬಣ್ಣದ ಮೈ, ಬೆಣ್ಣೆಯಂಥ ಕುತ್ತಿಗೆ. ಕೈಯಿಟ್ಟೆ. ಎಲ್ಲ ಬೆರಳೂ ಎಲ್ಲ ಮೆಟ್ಟನ್ನೂ ಮುಟ್ಟಿದವು. ಹಸನ್‌ಸಾಬರು ಕಳಿಸಿದ್ದ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿ ಮೀಟಿದಾಗ ನಾದ ಗಂಟೆಯಂತೆ ಹೊರಟಿತು. ನುಡಿಸತೊಡಗಿದೆ. ಅಂಗಡಿಯ ಮುಂದೆ ಕಟ್ಟಿದ್ದ ಎತ್ತು ಹಗ್ಗ ಕಿತ್ತುಕೊಂಡು ಹೋಯಿತು.

ಅಭ್ಯಾಸವೆಂದುಕೊಂಡೆ. ಬೆಳೆ ಕಟಾವಿನವರೆಗೂ ಬೆಳಿಗ್ಗೆ ಬೆಳಿಗ್ಗೆ ಕುಳಿತೆ. ಬೆರಳು ಬೇಕಾದ ಜಾಗಕ್ಕೆ ಹೋಗುತ್ತಿತ್ತು, ಬೇಕಾದ ಸಮಯಕ್ಕೆ ಮಾತ್ರ ಹೋಗುತ್ತಿರಲಿಲ್ಲ. ತಾಳ ನನ್ನ ಮುಂದೆ ಮುಂದೆ ಓಡುತ್ತಿತ್ತು, ನಾನು ರಾಗವನ್ನು ಹೆಗಲ ಮೇಲೆ ಹೊತ್ತುಕೊಂಡು ಹಿಂದೆ ಬರುತ್ತಿದ್ದೆ. ಕರೆಂಟು ಹೋದಾಗಲಷ್ಟೇ ನನ್ನ ವಾದನ ಉತ್ತಮವಾಗಿರುತ್ತಿತ್ತು; ಆಗ ಗಿಟಾರ್ ಸೊಳ್ಳೆಯಷ್ಟೂ ಸದ್ದು ಮಾಡದ್ದರಿಂದ ನಾನು ಅಂದುಕೊಂಡದ್ದೇ ನನಗೆ ಕೇಳಿಸುತ್ತಿತ್ತು. ತಮ್ಮ ವಾದ್ಯದಲ್ಲಿ ಬಿರುಕಿಗಾಗಿ ಹುಡುಕಿದೆ, ಕುತ್ತಿಗೆ ಸೊಟ್ಟಗಿದೆಯೇ ಎಂದು ದಾರ ಹಿಡಿದು ನೋಡಿದೆ. ಒಂದು ಗೀರು ಕೂಡ ಸಿಗಲಿಲ್ಲ. ಒಬ್ಬ ಗೃಹಸ್ಥನನ್ನು ಈ ವಯಸ್ಸಿನಲ್ಲಿ ಹೀಗೆ ಒಂದು ನೆಪವೂ ಇಲ್ಲದ ತಬ್ಬಲಿ ಮಾಡುವುದು ಯಾವ ವ್ಯಾಪಾರ ಧರ್ಮ?

ಅಷ್ಟರಲ್ಲಿ ಹಸನ್‌ಸಾಬರ ಮಗಳು ರಹೀಮಾಬೀಯ ಮದುವೆ ಬಂತು. ನನ್ನನ್ನು ಕೇಳದೆಯೇ ಅವರು ಮಸ್ಕಿಯ ಸಂತೆಯಲ್ಲಿ, ತಮ್ಮದೇ ಮೈಕಿನಲ್ಲಿ, ಸಿಂಧನೂರಿನ ಉಸ್ತಾದ್ ಮುದುಕಪ್ಪನವರಿಂದ ಮದುವೆಯ ಮಧ್ಯಾಹ್ನ ಕರೆಂಟ್ ಗಿಟಾರ್ ಎಂದು ಸಾರಿಬಿಟ್ಟಿದ್ದರು. ಬೀಗರು ದೂರದ ಗುಲ್ಬರ್ಗದವರು, ಸಂಗೀತ ಬಲ್ಲವರು. ಅವರ ಮುಂದೆ ಗೆಳೆಯನ ಮಾತು ಉಳಿಯಬೇಕು. ಜ್ವರವೆಂದು ಮಲಗಿಬಿಡಲೇ ಎಂದು ಯೋಚಿಸಿದೆ. ಕರೆಮ್ಮ ಆಗಲೇ ಇಳಕಲ್ ಸೀರೆ ಉಟ್ಟು ಗಿಟಾರಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು.

ಚಪ್ಪರದ ಕೆಳಗೆ ಊಟ ಮುಗಿದು, ಗಂಡಸರು ಒಂದು ಕಡೆ, ಪರದೆಯ ಆಚೆ ಹೆಂಗಸರು ಒಂದು ಕಡೆ ಕುಳಿತರು. ಅಲ್ಲಿ ಆಂಪ್ಲಿಫೈಯರಿಗೆ ಜೋಡಿಸಿದ್ದ ಬ್ಯಾಟರಿ ಹೊಸದು, ಅದು ಕೈಕೊಡುವ ಭರವಸೆಯೂ ಇರಲಿಲ್ಲ. ನಾನು ಕುರ್ಚಿಯ ಮೇಲೆ ಕುಳಿತು, ಬೀಗರಿಗೆ ನಮಸ್ಕರಿಸಿ, ಎಡಗೈಯನ್ನು ಕುತ್ತಿಗೆಯ ಮೇಲಿಟ್ಟೆ. ಅದು ಇಟ್ಟಲ್ಲಿಯೇ ಮರಗಟ್ಟಿತು. ಬಲಗೈ ಮಾತ್ರ ತಾನಾಗಿಯೇ ಹೋಗಿ ಒಂದು ದಪ್ಪ ತಂತಿಯನ್ನು ಮೀಟಿತು. ಮತ್ತೆ ಅದನ್ನೇ ಮೀಟಿತು. ನನಗೆ ನಿಲ್ಲಿಸಲೂ ಧೈರ್ಯವಿರಲಿಲ್ಲ, ಮುಂದಿನ ತಂತಿಗೆ ಹೋಗಲೂ ಧೈರ್ಯವಿರಲಿಲ್ಲ. ಹಸನ್‌ಸಾಬರ ಮುಖದ ಬಣ್ಣ ಇಳಿಯುವುದನ್ನು ನಾನು ಕಂಡೆ.

ಆಗ ಪರದೆಯ ಆಚೆಯಿಂದ ಹಸನ್‌ಸಾಬರ ಹೆಂಡತಿ ರಾಜಾಬೀಯವರು, ಉಸ್ತಾದರು ಹೆಂಗಸರ ಹಾಡಿಗೆ ಶ್ರುತಿ ಕೊಡುತ್ತಿದ್ದಾರೆಂದು ಮನಃಪೂರ್ವಕ ನಂಬಿ, ಅದೇ ಸ್ವರದಿಂದ ಮದುಮಗಳ ಹಾಡೊಂದನ್ನು ಎತ್ತಿಕೊಂಡರು. ಅವರ ದಖ್ಖನಿ ಉರ್ದುವಿನ ಸಾಲು ಮುಗಿದ ಕಡೆ ಕರೆಮ್ಮನ ದನಿ ಕನ್ನಡದ ಸೋಬಾನೆಯನ್ನು ಸೇರಿಸಿತು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದು, ಢೋಲಕ್ಕು ಕೂಡಿ, ಚಪ್ಪರವೆಲ್ಲ ತುಂಬಿತು. ಇಷ್ಟು ವರ್ಷ ಗೋಡೆಯ ವಾದ್ಯಗಳ ಧೂಳು ಕೊಡವುತ್ತ ಆಕೆ ಗುನುಗುತ್ತಿದ್ದುದನ್ನು ಕೇಳಿದ್ದೆ. ಆಕೆ ಹಾಡುತ್ತಾಳೆಂದು ನನಗೆ ಆ ದಿನ ತಿಳಿಯಿತು. ನಾನು ಆ ಒಂದೇ ತಂತಿಯನ್ನು ಮೀಟುತ್ತ ಕುಳಿತೆ. ಕಣ್ಣು ಒದ್ದೆಯಾದದ್ದನ್ನು ಬೀಗರು ಕಲಾವಿದನ ತನ್ಮಯತೆಯೆಂದು ತಿಳಿದರು.

ಹಾಡು ಮುಗಿದ ಮೇಲೆ ಬೀಗರ ಹಿರಿಯರು ಎದ್ದು ಬಂದು ನನ್ನ ಕೈ ಹಿಡಿದರು. ಹಸನ್‌ಸಾಬರು ತಂತಿ ಬಿಚ್ಚುವ ನೆಪದಲ್ಲಿ ಬಗ್ಗಿ, ನನಗಷ್ಟೇ ಕೇಳುವಂತೆ, “ಉಸ್ತಾದ್, ಇಷ್ಟು ಕಡಿಮಿ ಬಾರಸಾಕ ಭಾಳ ತಾಲೀಮ್ ಬೇಕಾಗ್ತದ ನೋಡ್ರಿ” ಎಂದರು. ಅದು ಪ್ರೀತಿಯೋ ಚುಚ್ಚೋ ಇಂದಿಗೂ ನನಗೆ ಗೊತ್ತಾಗಿಲ್ಲ.

ಮರಳುವ ಬಸ್ಸಿನಲ್ಲಿ ಕರೆಮ್ಮ ಗಿಟಾರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ಇದೊಂದು ಇರ್ಲಿ. ಉಳಿದವು ಬಾರಸೋರ ಮನಿಗೆ ಹೋಗ್ಲಿ. ಸುಮ್ಮನ ಗ್ವಾಡಿಗೆ ನೇತುಬಿದ್ದು ಸಾಯಾಕತ್ತಾವು.”

ಕೊಟ್ಟ ಮಾತಾದ್ದರಿಂದ ಒಂದೊಂದನ್ನೇ ನಾನೇ ಹೊತ್ತು ತಲುಪಿಸಿದೆ. ಮತ್ತು ಮಾನ್ಯರೇ, ನನ್ನ ನಿಜವಾದ ಸಂಕಟ ಶುರುವಾದದ್ದು ಇಲ್ಲಿ. ಗಂಟಲು ಕಟ್ಟಿದ್ದ ಹಾರ್ಮೋನಿಯಂ ಜವಳಗೇರಾದ ಭಜನೆಯ ಗ್ಯಾನಪ್ಪನ ಮುಂದೆ ಕೂತದ್ದೇ ತಡ, ಬಾಯಿಬಿಟ್ಟು ಹಾಡಿತು. ಬೆಕ್ಕಿನ ಪಿಟೀಲು ಲಿಂಗಸುಗೂರಿನಲ್ಲಿ ಅಲ್ಲಾಭಕ್ಷ್ ಮಾಸ್ತರರ ಗದ್ದದ ಕೆಳಗೆ ಎಷ್ಟು ಮರ್ಯಾದೆಯಿಂದ ನಡೆದುಕೊಂಡಿತೆಂದರೆ ನಾನು ಚಹಾ ಕುಡಿಯದೆ ಎದ್ದು ಬಂದೆ. ಕೊನೆಗೆ ಸಿತಾರ. ಅದನ್ನು ಮುದಗಲ್ಲಿನ ಕರೀಮಾಬಿಯವರಿಗೆ ಒಯ್ದೆ. ಹುಡುಗಿಯಾಗಿದ್ದಾಗ ಹೈದರಾಬಾದಿನಲ್ಲಿ ಕಲಿತು, ಮದುವೆಯಾಗಿ ಬರುವಾಗ ವಾದ್ಯವನ್ನು ತವರಿನಲ್ಲಿಯೇ ಬಿಟ್ಟು ಬಂದವರು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಆ ಉದ್ದ ಕುತ್ತಿಗೆಯನ್ನು ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ನುಡಿಸಿದರು. ಕಾಲುವೆಯ ದಂಡೆಯಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಿದ ನಾದ ಅದೇ. ನಾನು ಆಕೆಯ ಕೈಯನ್ನು ನೋಡಿದೆ. ಆಕೆಯ ಬೆರಳುಗಳು ನನ್ನವಕ್ಕಿಂತ ಗಿಡ್ಡವಾಗಿದ್ದವು.

ಹೀಗೆ, ಸಂಗ್ರಹವನ್ನು ಹಿಗ್ಗಿಸಲೆಂದು ತಂದ ತಮ್ಮ ಗಿಟಾರ್ ಸಂಗ್ರಹವನ್ನೆಲ್ಲ ನುಂಗಿ, ಈಗ ಗೋಡೆಯ ಮೇಲೆ ತಾನೊಂದೇ ಮೆರೆಯುತ್ತಿದೆ. ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ ಗಿರಾಕಿಗಳು ಮೆಟ್ಟಿಕೊಂಡೇ ಬರುತ್ತಾರೆ. ಹಸನ್‌ಸಾಬರು ಮಾತ್ರ ಮದುವೆಗಳಿಗೆ ಕರೆಯುತ್ತಲೇ ಇದ್ದಾರೆ. ಕರೆಯುವುದು ಕರೆಮ್ಮನನ್ನು, ಅವಳ ಜೊತೆ ಶ್ರುತಿ ಹಿಡಿಯುವ ಮನುಷ್ಯನೊಬ್ಬ ಉಚಿತವಾಗಿ ಬರುತ್ತಾನೆ.

ಆದಕಾರಣ ತಮ್ಮಲ್ಲಿ ಬೇಡುವುದೇನೆಂದರೆ, ಸದರಿ ಗಿಟಾರಿನಲ್ಲಿ ತಯಾರಿಕೆಯ ಕಾಲಕ್ಕೆ ಒಂದು ಸಣ್ಣ ಕುಂದು ಉಳಿದುಹೋಗಿದೆಯೆಂದು ಕಂಪನಿಯ ಮೊಹರಿನೊಂದಿಗೆ ಎರಡು ಸಾಲು ಬರೆದುಕೊಡಬೇಕು. ಕುಂದು ಯಾವುದೆಂಬುದನ್ನು ತಮ್ಮ ವಿವೇಕಕ್ಕೆ ಬಿಟ್ಟಿದ್ದೇನೆ. ಅದಾಗದಿದ್ದರೆ ನಾನು ಮುಟ್ಟದ ಐದು ತಂತಿಗಳನ್ನಾದರೂ ವಾಪಸು ಪಡೆದು, ಅವುಗಳ ಬದಲಿಗೆ ತಾಳಜ್ಞಾನ ದಾಸ್ತಾನಿದ್ದಲ್ಲಿ ಅದೇ ತೂಕದಷ್ಟು, ಹುಲ್ಲಿನಲ್ಲಿ ಸುತ್ತಿ, ರೈಲಿನ ಮೂಲಕ ಕಳಿಸಿಕೊಡಬೇಕು. ಎರಡೂ ಆಗದಿದ್ದರೆ, ಇನ್ನು ಮುಂದೆ ಇಷ್ಟು ಚೆನ್ನಾದ ಸರಕನ್ನು ನನ್ನಂಥವರಿಗೆ ಮಾರುವ ಮೊದಲು ಅವರ ಮನೆಯವರನ್ನು ಒಂದು ಮಾತು ಕೇಳಬೇಕು.

ಇಂತು, ಅಳತೆಗೆ ಸರಿಯಾಗಿ ಸಿಕ್ಕಿಬಿದ್ದಿರುವ
ತಮ್ಮ ವಿಶ್ವಾಸಿ,
ಮುದುಕಪ್ಪ

ವಿ.ಸೂ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ಕರೆಮ್ಮ ನಾಳಿನ ಹಾಡಿಗೆಂದು ಕುಳಿತು, ನಾನು ಮೀಟುವ ಆ ಒಂದು ತಂತಿಯೂ ತುಸು ಇಳಿದಿದೆ ಎಂದಳು. ತಂತಿಯ ದೋಷವೆನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ. ತಂತಿ ಬಿಗಿಯುವ ಬಿರಡೆಯನ್ನು ಯಾವ ಕಡೆಗೆ ತಿರುಗಿಸಿದರೆ ಶ್ರುತಿ ಏರುತ್ತದೆಂದು ಒಂದು ಕಾರ್ಡು ಬರೆದು ತಿಳಿಸುವುದು. ಮನೆಗೆ ಬೇಡ, ಅಂಗಡಿಯ ವಿಳಾಸಕ್ಕೆ ಬರೆಯುವುದು.