ಇಟಲಿ, ಕ್ಯಾಲಿಫೋರ್ನಿಯಾ ಮತ್ತು ಮೇಸ್ತ್ರಿಯ ಮೀಸೆ

"ಈ ಭಾನುವಾರ ಆ ಟೈಲ್ಸಿನವನ ಬಂಡವಾಳ ಬಯಲು ಮಾಡದೇ ಇದ್ರೆ, ಇಗೋ, ಈ ಮೀಸೆ ಬೋಳಿಸ್ಕೊಂಡು ಓಡಾಡ್ತೀನಿ!"

ನಲ್ಲಿ ಮೇಸ್ತ್ರಿ ಹೀಗೆಂದು ಗುಡುಗಿದಾಗ ಅವನ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಬೋಳಿಸ್ಕೊಳ್ಳೋದಾದ್ರೆ ಮೊದಲೇ ಹೇಳಿಬಿಡಿ. ವಾಶ್ ಬೇಸಿನ್ ಕಟ್ಕೊಂಡು ಎಷ್ಟು ಕಾಲ ಆಯ್ತೋ! ಮನೇಲಿ ಯಾರಾದ್ರೂ ಪ್ಲಂಬರ್ ಇದ್ದಿದ್ರೆ ಸರಿ ಮಾಡಿಸ್ತಿದ್ದೆ."

ಮೇಸ್ತ್ರಿ ಈ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬಾರದ್ದು ಯಾವುದೆಂದು ಅವನ ಕಿವಿಗೆ ಮದುವೆಯಾದ ವರ್ಷವೇ ತಿಳಿದುಹೋಗಿತ್ತು. ಅವನು ಎರಡೂ ಕೈಯಿಂದ ಮೀಸೆ ತೀಡಿದ. ಅದೇನು ಸಾಮಾನ್ಯ ಮೀಸೆಯೇ! ಗಿರಾಕಿಗಳು ಯಾರೂ ಅವನ ಹೆಸರು ಕೇಳಿದವರಲ್ಲ; "ಆ ಮೀಸೆಯವನನ್ನ ಕಳಿಸ್ರಿ" ಎಂದೇ ಫೋನ್ ಮಾಡುವುದು. ಸೋರುವ ನಲ್ಲಿ ಕೂಡ ಅದನ್ನು ಕಂಡರೆ ಒಂದು ಗಳಿಗೆ ಹೆದರಿ ನಿಲ್ಲುತ್ತದೆಂದು ಅವನೇ ಹೇಳಿಕೊಳ್ಳುತ್ತಿದ್ದ. ಸ್ವಂತ ಅತ್ತೆಗೂ ಆ ಮೀಸೆಯೇ ಗತಿ. ಅವರ ಇಬ್ಬರು ಅಳಿಯಂದಿರದ್ದೂ ಒಂದೇ ಎತ್ತರ, ಒಂದೇ ಹೊಟ್ಟೆ, ಒಂದೇ ಬೋಳುತಲೆ. ಕನ್ನಡಕ ಮರೆತ ದಿನ ಅವರು ದೊಡ್ಡ ಅಳಿಯನನ್ನು ಗುರುತು ಹಿಡಿಯುತ್ತಿದ್ದದ್ದು ಮೀಸೆಯಿಂದ.

ಆ ಚಿಕ್ಕ ಅಳಿಯ, ಅಂದರೆ ಮೇಸ್ತ್ರಿಯ ಷಡ್ಡಕ, ಟೈಲ್ಸ್ ಅಂಗಡಿಯವನು. ಮುಖವೂ ಅವನು ಮಾರುವ ಸರಕಿನಷ್ಟೇ ನುಣುಪು. ಟೈಲ್ಸ್ ಕಂಪನಿಯವರು ಅವನನ್ನು ಒಂದು ವಾರ ಇಟಲಿಗೆ ಕರೆದೊಯ್ದದ್ದೇ ಅನರ್ಥಕ್ಕೆ ಮೂಲ. ನೆಲಕ್ಕೆ ಹಾಸುವುದನ್ನು ನೋಡಲು ಹೋದವನು ಗಂಟಲಿಗೆ ಇಳಿಸುವ ವಿದ್ಯೆ ಕಲಿತು ಬಂದ! ಅಂದಿನಿಂದ ಅವನು ಬರೀ ನೀರು ಕೊಟ್ಟರೂ ಲೋಟವನ್ನು ಗರಗರ ತಿರುಗಿಸುತ್ತಾನೆ, ಅದರೊಳಗೆ ಮೂಗು ತೂರಿಸುತ್ತಾನೆ, ಸತ್ತವರನ್ನು ನೆನೆಸಿಕೊಂಡವನ ಹಾಗೆ ಕಣ್ಣು ಮುಚ್ಚುತ್ತಾನೆ. ಕುಡಿಯುವುದು ಆಮೇಲೆ. ನೋಡುವವರಿಗೆ ಕಪಾಳಕ್ಕೆ ಎರಡು ಬಿಡೋಣ ಅನ್ನಿಸಿದರೆ ತಪ್ಪೇನು?

ಭಾನುವಾರ ಬೆಳಿಗ್ಗೆಯೇ ಷಡ್ಡಕ ತನ್ನ ಹೆಂಡತಿಯೊಡನೆ, ಎರಡು ಬಾಟಲಿಗಳನ್ನು ಹಸುಗೂಸುಗಳಂತೆ ಎದೆಗವುಚಿಕೊಂಡು ಬಂದ.

"ಎರಡೂ ರೆಡ್ ವೈನ್ ಅಣ್ಣ. ಇದು ಇಟಲಿಯದು, ಇದು ಕ್ಯಾಲಿಫೋರ್ನಿಯಾದ್ದು. ಮಜಾ ಏನಂದ್ರೆ ದ್ರಾಕ್ಷಿ ಒಂದೇ! ಸ್ಯಾಂಜೊವೇಸೆ ಅಂತ."

"ಹೆಸರು ಹೇಳೋಕೇ ಹೊಸ ಹಲ್ಲು ಕಟ್ಟಿಸ್ಕೋಬೇಕಲ್ಲಯ್ಯಾ! ದ್ರಾಕ್ಷಿ ಒಂದೇ ಆದ್ಮೇಲೆ ಬಾಟ್ಲಿ ಎರಡ್ಯಾಕೆ?"

"ಅಲ್ಲೇ ಇರೋದು ಅಣ್ಣ! ಬಳ್ಳಿ ಒಂದೇ, ನೆಲ ಬೇರೆ. ಇಟಲಿಯದರಲ್ಲಿ ಹುಳಿ ಇರುತ್ತೆ, ಒಗರು ಇರುತ್ತೆ, ಮಣ್ಣಿನ ವಾಸನೆ ಬರುತ್ತೆ. ಕ್ಯಾಲಿಫೋರ್ನಿಯಾದ್ದು ಬಿಸಿಲಲ್ಲಿ ಚೆನ್ನಾಗಿ ಮಾಗಿರುತ್ತೆ, ಮೃದು, ಹಣ್ಣು ಹಣ್ಣು. ಕಣ್ಣು ಕಟ್ಟಿ ಕೊಡಿ, ಹೇಳ್ತೀನಿ."

"ಹೇಳದೇ ಹೋದ್ರೆ?"

"ಇನ್ನು ಜನ್ಮದಲ್ಲಿ ವೈನ್ ಸುದ್ದಿ ಎತ್ತಲ್ಲ. ಹೇಳಿಬಿಟ್ರೆ?"

"ನನ್ನ ಮೀಸೆ ನಿಂದು!"

ಷಡ್ಡಕ ಮೀಸೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ, ಗೋಡೆಗೆ ಎಷ್ಟು ಟೈಲ್ಸ್ ಬೇಕಾದೀತೆಂದು ಅಳೆಯುವವನ ಹಾಗೆ. ಆಮೇಲೆ ಎರಡೂ ಬಾಟಲಿಗಳ ಬಿರಡೆ ತೆಗೆದು, ಮೇಲೆ ಸುಮ್ಮನೆ ಇಟ್ಟು, ಹಿಂದಿನ ಕೋಣೆಯ ಕಿಟಕಿಕಟ್ಟೆಯ ಮೇಲೆ ನಿಲ್ಲಿಸಿದ.

"ಮಧ್ಯಾಹ್ನದವರೆಗೂ ಮುಟ್ಟಬೇಡಿ ಅಣ್ಣ. ಅವು ಉಸಿರಾಡಬೇಕು."

"ಉಸಿರಾಡೋಕೆ ಅವೇನು ಆಸ್ಪತ್ರೆಯಿಂದ ಬಂದಿದಾವಾ?"

ಷಡ್ಡಕ ಅತ್ತೆಯನ್ನು ಕರೆತರಲು ಹೊರಟ. ಹೆಂಡತಿ, ನಾದಿನಿ ಅಡುಗೆಮನೆಯಲ್ಲಿದ್ದರು. ಹಿಂದಿನ ಕೋಣೆಯಲ್ಲಿ ಮೇಸ್ತ್ರಿ, ಅವನ ಕೆಲಸದ ಸಾಮಾನು, ಉಸಿರಾಡುತ್ತಿರುವ ಎರಡು ಬಾಟಲಿ. ಆಗ ಹೊಳೆಯಿತು ನೋಡಿ ಆ ಮಹಾ ಉಪಾಯ! ಎರಡನ್ನೂ ಕಲಸಿ ಒಂದೇ ಮಾಡಿ, ಮತ್ತೆ ಎರಡು ಬಾಟಲಿಗೂ ತುಂಬಿಬಿಟ್ಟರೆ? ಒಂದೇ ರಸ! ಆಗ ಆ ಪಂಡಿತ ಮೂಗು ಅದ್ದಲಿ, ಕಣ್ಣು ಮುಚ್ಚಲಿ, ಬೇಕಾದರೆ ತಲೆ ಕೆಳಗಾಗಿ ನಿಲ್ಲಲಿ. ಇಲ್ಲದ ವ್ಯತ್ಯಾಸವನ್ನು ಬಾಯಿ ತುಂಬ ವರ್ಣಿಸಿದ ಮೇಲೆ ಎಲ್ಲರೆದುರು ನಿಜ ಒಡೆದರಾಯಿತು!

ಕಲಸಲು ಪಾತ್ರೆ ಬೇಕಲ್ಲ? ಅಡುಗೆಮನೆಗೆ ಹೋದರೆ ಹೆಂಡತಿ ಪ್ರಶ್ನೆ ಕೇಳುತ್ತಾಳೆ. ಪಕ್ಕದಲ್ಲೇ ಬಕೆಟ್ ಇತ್ತು. ಮೇಸ್ತ್ರಿ ಅದರಲ್ಲಿದ್ದ ಸಾಮಾನನ್ನು ನೆಲಕ್ಕೆ ಸುರಿದ, ಒಂದು ಚೊಂಬು ನೀರು ಆಡಿಸಿ ಚೆಲ್ಲಿದ, ಇಟಲಿಯನ್ನೂ ಕ್ಯಾಲಿಫೋರ್ನಿಯಾವನ್ನೂ ಗಳಗಳನೆ ಒಳಗೆ ಹೊಯ್ದ. ಎರಡು ನಾಡುಗಳು ಇಷ್ಟು ಸಲೀಸಾಗಿ ಒಂದಾದದ್ದನ್ನು ಲೋಕ ಇನ್ನೂ ಕಂಡಿರಲಿಲ್ಲ! ಆಲಿಕೆ ಇಟ್ಟು ಮೊದಲು ಕ್ಯಾಲಿಫೋರ್ನಿಯಾದ ಬಾಟಲಿಗೆ ತುಂಬಿಸಿದ. ತಳದಲ್ಲಿ ಉಳಿದದ್ದನ್ನೆಲ್ಲ ಬಕೆಟ್ ಓರೆ ಮಾಡಿ ಇಟಲಿಯ ಬಾಟಲಿಗೆ ಇಳಿಸಿದ. ಕೈ ಅಭ್ಯಾಸದಂತೆ ಬಿರಡೆಗೆ ಪೈಪಿನ ಬಿಳಿ ಟೇಪ್ ಸುತ್ತಹೊರಟಿತ್ತು. ನಾಲಿಗೆ ಕಚ್ಚಿಕೊಂಡು ಬಿಚ್ಚಿಹಾಕಿದ. ಅಷ್ಟು ಜಾಣತನ ಅವನಲ್ಲಿತ್ತು. ಅಷ್ಟೇ ಇತ್ತು.

ಮಧ್ಯಾಹ್ನ ಎಲ್ಲರೂ ಹಜಾರದಲ್ಲಿ ಸೇರಿದರು. ಅತ್ತೆಯೇ ನ್ಯಾಯಾಧೀಶರು. ಅವರು ಹಿಂದಿನ ಕೋಣೆಗೆ ಹೋಗಿ ಒಂದು ಬಾಟಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ಬಿಳಿ ಕಾಲುಚೀಲ ತೊಡಿಸಿ ತಂದರು. ಯಾವುದರೊಳಗೆ ಯಾವುದೆಂದು ಅವರಿಗೊಬ್ಬರಿಗೇ ಗೊತ್ತು. ಎಲ್ಲರಿಗೂ ಎರಡೆರಡು ಲೋಟ, ಒಂದೊಂದಕ್ಕೆ ಒಂದೊಂದು ಬಾಟಲಿಯದು ಬಿತ್ತು. "ವೈದ್ಯರು ಇದು ಹೃದಯಕ್ಕೆ ಒಳ್ಳೇದು ಅಂದಿದಾರೆ" ಎನ್ನುತ್ತ ಅತ್ತೆ ತಮ್ಮದಕ್ಕೆ ತುಸು ಹೆಚ್ಚೇ ಹಾಕಿಕೊಂಡರು. ಮೇಸ್ತ್ರಿ ತಿರಸ್ಕಾರ ತೋರಿಸಲೆಂದೇ ಎರಡೂ ಲೋಟಗಳನ್ನು ಮಜ್ಜಿಗೆಯಂತೆ ಒಂದೇ ಗುಟುಕಿಗೆ ಎತ್ತಿ ಬಾಯಿ ಒರೆಸಿಕೊಂಡ.

ಷಡ್ಡಕ ಬಿಳಿ ಕಾಲುಚೀಲದ್ದನ್ನು ತಿರುಗಿಸಿದ, ಮೂಸಿದ, ಹೀರಿದ.

"ಹಣ್ಣು. ಮೃದು. ಬಿಸಿಲು ತುಂಬಿದೆ."

ಮೇಸ್ತ್ರಿ ನಗು ತಡೆಯಲಾರದೆ ಅಂಗಿಯ ಕಾಲರ್ ಕಚ್ಚಿದ. ಷಡ್ಡಕ ಕಪ್ಪು ಕಾಲುಚೀಲದ್ದನ್ನು ಎತ್ತಿದ. ಒಂದು ಗುಟುಕು. ಹುಬ್ಬು ಮೇಲೆ ಹೋಯಿತು. ಇನ್ನೊಂದು ಗುಟುಕು.

"ಆಹಾ! ಏನು ಗಾಂಭೀರ್ಯ! ಒದ್ದೆ ಮಣ್ಣು... ಹಳೇ ಚರ್ಮ... ಹಿಂದುಗಡೆ ಸಣ್ಣಗೆ ಒಂದು ತುಕ್ಕು. ಇಷ್ಟು ಆಳ ಇಟಲಿಗೆ ಬಿಟ್ಟು ಬೇರೆಲ್ಲಿ ಬರಬೇಕು! ಕಪ್ಪು ಇಟಲಿ, ಬಿಳಿ ಕ್ಯಾಲಿಫೋರ್ನಿಯಾ."

ಅತ್ತೆ ಕಾಲುಚೀಲ ಎರಡನ್ನೂ ಎಳೆದರು. ಕಪ್ಪಿನೊಳಗೆ ಇಟಲಿ! ಬಿಳಿಯೊಳಗೆ ಕ್ಯಾಲಿಫೋರ್ನಿಯಾ!

"ಭೇಷ್!" ಎಂದರು ಅತ್ತೆ. ನಾದಿನಿ ಚಪ್ಪಾಳೆ ತಟ್ಟಿದಳು. "ಭಾವ, ಕತ್ತರಿ ತರ್ಲಾ?"

ಮೇಸ್ತ್ರಿಯ ರಕ್ತ ನೆತ್ತಿಗೇರಿತು. ಬಾಯಿಯನ್ನು ಹತೋಟಿಯಲ್ಲಿಟ್ಟುಕೊಳ್ಳುವ ವಾಲ್ವನ್ನು ದೇವರು ಅವನಿಗೆ ಜೋಡಿಸಿಯೇ ಇರಲಿಲ್ಲ.

"ಮೋಸ! ಶುದ್ಧ ಮೋಸ! ಎರಡೂ ಒಂದೇ! ಎರಡನ್ನೂ ನಾನೇ ಬಕೆಟ್‌ಗೆ ಸುರಿದು, ಕಲಸಿ, ವಾಪಸ್ ತುಂಬಿದೀನಿ! ಇವನು ಹೇಳಿದ್ದೆಲ್ಲ ಬೊಗಳೆ! ಮಣ್ಣಂತೆ, ಚರ್ಮವಂತೆ, ತುಕ್ಕಂತೆ! ಎಲ್ಲಿಂದ ಬಂತಯ್ಯಾ ತುಕ್ಕು?"

ಷಡ್ಡಕನ ನುಣುಪು ಮುಖ ಬಿಳಿಚಿತು. ಗೆದ್ದೆ! ಎಂದು ಮೇಸ್ತ್ರಿ ಮೀಸೆಗೆ ಕೈ ಹಾಕಿದ. ಅಷ್ಟರಲ್ಲಿ ಹೆಂಡತಿ ಬಹಳ ಮೆಲ್ಲಗೆ ಕೇಳಿದಳು:

"ರೀ... ಯಾವ ಬಕೆಟ್?"

ಮೀಸೆಗೆ ಹೋದ ಕೈ ಅಲ್ಲೇ ನಿಂತಿತು.

"ಯಾವುದೋ ಒಂದು. ಬಕೆಟ್ ಅಂದ್ರೆ ಬಕೆಟ್."

"ಹಿಂದಿನ ಕೋಣೇಲಿ ಇರೋದು ಒಂದೇ ಬಕೆಟ್ಟು ರೀ! ನಿನ್ನೆ ಪಕ್ಕದ ಬೀದಿಯೋರ ಮೋರಿ ಬಿಡಿಸೋಕೆ ತಗೊಂಡು ಹೋಗಿದ್ರಲ್ಲ, ಅದಾ?"

ಅತ್ತೆ ಎದ್ದ ವೇಗ ನೋಡಿದ್ದರೆ ಅವರಿಗೆ ಮಂಡಿನೋವೆಂದು ಯಾರೂ ನಂಬುತ್ತಿರಲಿಲ್ಲ. ಅವರ ಹಿಂದೆ ನಾದಿನಿ, ಅವಳ ಹಿಂದೆ ಷಡ್ಡಕ, ಮೇಸ್ತ್ರಿಯ ಹೆಂಡತಿ, ಕೊನೆಗೆ ಸ್ವತಃ ಮೇಸ್ತ್ರಿ. ಎರಡು ಪೂರ್ತಿ ಲೋಟ ಇಳಿಸಿದವನು ಅವನೊಬ್ಬನೇ ತಾನೆ! ಐದು ಜನ ಒಂದೇ ಬೇಸಿನ್ನಿಗೆ ಮುಗಿಬಿದ್ದು ಬಾಯಿ ಮುಕ್ಕಳಿಸಿದರು. ಬೇಸಿನ್ ಕಟ್ಟಿಕೊಂಡಿತ್ತಲ್ಲ? ಕೆಂಪು ನೀರು ಇಳಿಯಲಿಲ್ಲ, ಏರಿತು. ಅಂಚು ದಾಟಿ ಎಲ್ಲರ ಪಾದಗಳನ್ನೂ ತೊಳೆಯಿತು.

"ಸರಿ ಮಾಡ್ರೀ!" ಎಂದು ಹೆಂಡತಿ ಕಿರುಚಿದಳು. ಪ್ಲಂಬರ್ ಕೊನೆಗೂ ತನ್ನ ಮನೆಯ ಬೇಸಿನ್ನಿನ ಕೆಳಗೆ ತೂರಿ ಕುಳಿತ, ತಲೆಯ ಮೇಲೆ ಇಟಲಿ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ, ಟವೆಲ್ಲಿನಿಂದ ನಾಲಿಗೆ ಉಜ್ಜಿಕೊಳ್ಳುತ್ತಿದ್ದ ಷಡ್ಡಕನ ಮುಖ ಫಳ್ಳನೆ ಬೆಳಗಿತು.

"ತಡೀರಿ, ತಡೀರಿ! ಅಣ್ಣ, ಆ ಬಕೆಟ್‌ನಲ್ಲಿ ಏನೇನಿತ್ತು?"

"ಏನಿದ್ರೆ ನಿಂಗೇನಯ್ಯಾ?" ಎಂದಿತು ಬೇಸಿನ್ನಿನ ಕೆಳಗಿನ ದನಿ.

ಅತ್ತೆ ಬಗ್ಗಿದರು. "ಅಳಿಯಂದಿರೆ, ಕೇಳಿದ್ದಕ್ಕೆ ಉತ್ತರ ಹೇಳಿ. ತುಕ್ಕು ಇತ್ತಾ?"

"...ಹಳೇ ಪೈಪಿನ ತುಂಡು ಒಂದೆರಡಿತ್ತು."

"ಚರ್ಮ?"

"ಬೋರಿಂಗಿನ ಹಳೇ ವಾಷರ್ರು. ಚರ್ಮದ್ದೇ."

"ಒದ್ದೆ ಮಣ್ಣು?"

ಬೇಸಿನ್ನಿನ ಕೆಳಗೆ ಪೈಪು ಬಡಿಯುವ ಸದ್ದು ಜೋರಾಯಿತು. ಮೋರಿಯ ವಿಷಯದಲ್ಲಿ ಯಾರೂ ಒತ್ತಾಯ ಮಾಡಲಿಲ್ಲ.

"ನೋಡಿದ್ರಾ!" ಷಡ್ಡಕ ಕುಣಿದಾಡಿಬಿಟ್ಟ. "ತಳದ ಗಸಿಯೆಲ್ಲ ಕಪ್ಪು ಕಾಲುಚೀಲದ ಬಾಟ್ಲಿಗೇ ಹೋಗಿದೆ! ನಾನು ಒಂದೊಂದನ್ನೂ ಹೆಸರು ಹಿಡಿದು ಹೇಳಿದೀನಿ! ನನ್ನ ನಾಲಿಗೆ ಸುಳ್ಳು ಹೇಳಿಲ್ಲ, ಅಣ್ಣನ ಬಕೆಟ್ಟೇ ಸಾಕ್ಷಿ!"

"ವ್ಯತ್ಯಾಸ ಇತ್ತು, ಚಿಕ್ಕ ಅಳಿಯಂದಿರು ಹಿಡಿದ್ರು" ಎಂದು ಅತ್ತೆ ತೀರ್ಪು ಕೊಟ್ಟರು. "ಬೇಸಿನ್ ಸರಿ ಆಯ್ತಾ? ಆಗಿದ್ರೆ ಅಲ್ಲೇ ನಿಂತ್ಕೊಂಡು ಮೀಸೆ ತೆಗೆದುಬಿಡಿ."

ನೀರು ಸರಾಗವಾಗಿ ಇಳಿಯುತ್ತಿತ್ತು. ಅದರ ಜೊತೆ ಮೀಸೆಯೂ ಇಳಿಯಿತು.

ಮೇಸ್ತ್ರಿ ಮೂಗಿನ ಕೆಳಗೆ ಟವೆಲ್ ಒತ್ತಿಕೊಂಡೇ ಹಜಾರಕ್ಕೆ ಬಂದ. ಹೆಂಡತಿ ಅದನ್ನು ಕಿತ್ತುಕೊಂಡಳು. ಅತ್ತೆಯ ಕನ್ನಡಕ ಆ ಗಲಾಟೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅಕ್ಕಪಕ್ಕ ನಿಂತ ಇಬ್ಬರು ಅಳಿಯಂದಿರನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು. ಅದೇ ಎತ್ತರ, ಅದೇ ಹೊಟ್ಟೆ, ಅದೇ ಬೋಳುತಲೆ, ಈಗ ಅದೇ ನುಣುಪು.

"ಅಯ್ಯೋ ಮಗಳೇ! ಇವರಲ್ಲಿ ಇಟಲಿ ಯಾವುದು, ಕ್ಯಾಲಿಫೋರ್ನಿಯಾ ಯಾವುದು, ನಂಗೊಂದೂ ಗೊತ್ತಾಗ್ತಿಲ್ವಲ್ಲೇ!"

ಹೆಂಡತಿ ಟವೆಲ್ ಹಿಂಡುತ್ತ ಅಂದಳು:

"ಮೂಸಿ ನೋಡಮ್ಮಾ. ಬಕೆಟ್ ವಾಸನೆ ಬರೋದು ನಮ್ಮದು."